ಚೌಳುಮಣ್ಣಿನಿಂದ ಸೆಂಟ್ರಿಂಗ್‌ವರೆಗೆ: ಬಳ್ಳಾರಿಯ ಗಾರೆಕೆಲಸದ ಮಾತು

ಬಳ್ಳಾರಿಯ ಗಾಂಧಿನಗರದಲ್ಲಿ ಇವತ್ತು ಒಂದು ಮನೆ ಏಳುತ್ತಿದೆ ಎಂದರೆ ಆ ಜಾಗದಲ್ಲಿ ನಾಲ್ಕೈದು ಭಾಷೆಗಳು ಒಟ್ಟಿಗೆ ದುಡಿಯುತ್ತಿರುತ್ತವೆ. ಬುನಾದಿ ತೋಡುವುದು, ಗರಸು ತುಂಬುವುದು, ಸೈಜುಗಲ್ಲು ಕಟ್ಟುವುದು, ಪ್ಲಿಂತ್ ಬೀಮ್ ಹಾಕುವುದು, ಪಿಲ್ಲರ್ ಎಬ್ಬಿಸುವುದು, ಲಿಂಟಲ್ ಮಟ್ಟಕ್ಕೆ ಗೋಡೆ ತರುವುದು, ಸೆಂಟ್ರಿಂಗ್ ಹೊಡೆಯುವುದು, ಸ್ಲ್ಯಾಬ್ ಹಾಕುವುದು, ಕೊನೆಗೆ ಗಿಲಾವು. ಮೇಸ್ತ್ರಿ ಇವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಯಾವುದು ಕನ್ನಡ, ಯಾವುದು ಪಾರಸಿ, ಯಾವುದು ಇಂಗ್ಲಿಷು ಎಂಬ ಪ್ರಶ್ನೆ ಅವನಿಗೆ ಏಳುವುದೇ ಇಲ್ಲ. ಓದಿದವರಿಗೆ ಮಾತ್ರ ಏಳುತ್ತದೆ. ಅವರಲ್ಲಿ ಕೆಲವರು ಇದನ್ನು ಕಲಬೆರಕೆ ಎಂದು ಬೇಸರಪಡುತ್ತಾರೆ. ಇನ್ನು ಕೆಲವರು ಇತಿಹಾಸ ತೆಗೆದು, ವಿಜಯನಗರ, ಆದಿಲಶಾಹಿ, ನಿಜಾಮ, ಕಂಪನಿ ಎಂದು ಆಳಿದವರ ಪಟ್ಟಿ ಕೊಟ್ಟು, ಒಬ್ಬೊಬ್ಬ ದೊರೆಯೂ ಒಂದಿಷ್ಟು ಪದಗಳನ್ನು ಬಿಟ್ಟು ಹೋದ ಎನ್ನುತ್ತಾರೆ. ಈ ಎರಡನೆಯ ವಿವರಣೆ ಕೇಳಲು ಸರಿಯೆನಿಸಿದರೂ ಗಾರೆಕೆಲಸದ ಮಟ್ಟಿಗೆ ನಿಲ್ಲುವುದಿಲ್ಲ. ಕಟ್ಟಡದ ಮಾತು ಅರಸರ ಬೆನ್ನು ಹಿಡಿದು ಬಂದದ್ದಲ್ಲ, ಸಾಮಾನಿನ ಬಂಡಿ ಹತ್ತಿ, ಕೆಲಸಗಾರರ ಗುಂಪಿನೊಂದಿಗೆ ಬಂದದ್ದು ಎಂಬುದು ನನ್ನ ವಾದ. ಹೊಸ ಸಾಮಾನು ಬಂದಾಗ ಹೊಸ ಮಾತು ಬಂತು, ಹಳೆಯ ಕೆಲಸ ಇರುವಷ್ಟು ಕಾಲ ಹಳೆಯ ಮಾತು ಉಳಿಯಿತು. ಹಾಗಾಗಿ ಶಾಸನಗಳೂ ಕಡತಗಳೂ ಹೆಚ್ಚಾಗಿ ಹೇಳದೆ ಬಿಟ್ಟಿರುವ ಒಂದು ಚರಿತ್ರೆ, ಅಂದರೆ ಈ ಊರನ್ನು ಕೈಯಾರೆ ಕಟ್ಟಿದವರ ಚರಿತ್ರೆ, ಈ ಪದಗಳಲ್ಲಿ ಸಿಗುತ್ತದೆ.

ಮೊದಲು ಕಲ್ಲು. ಬಳ್ಳಾರಿಯ ಮಗ್ಗುಲಲ್ಲೇ ಇರುವ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಕಪ್ಪು ಡಾಲರೈಟ್ ಕಲ್ಲನ್ನು ಒಡೆದು, ಉಜ್ಜಿ, ಕೊಡಲಿಗಳನ್ನು ರಾಶಿರಾಶಿಯಾಗಿ ತಯಾರಿಸುತ್ತಿದ್ದರು. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಶಿಲಾಯುಗದ ನೆಲೆಗಳನ್ನು ಗುರುತಿಸಿದ, ಬಿ. ಸುಬ್ಬರಾವ್ ಸಂಗನಕಲ್ಲಿನಲ್ಲಿ ಉತ್ಖನನ ಮಾಡಿ 1948ರಲ್ಲಿ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳ ಬಗ್ಗೆ ಪುಸ್ತಕ ತಂದರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಸಂಗಡಿಗರು ಗುಡ್ಡದ ಮೇಲಿನ ದುಂಡು ಗುಡಿಸಲುಗಳ ನೆಲಗಟ್ಟುಗಳನ್ನು ಹೊರತೆಗೆದರು. ಕಲ್ಲಿನ ಕೆಲಸ ಇಲ್ಲಿ ಯಾರೋ ತಂದುಕೊಟ್ಟದ್ದಲ್ಲ, ನೆಲದಲ್ಲೇ ಇದ್ದದ್ದು. ಅದಕ್ಕೆ ತಕ್ಕಂತೆ ಕಲ್ಲಿನ ಮಾತೂ ಬಹುಮಟ್ಟಿಗೆ ಈ ನೆಲದ್ದೇ: ಬಂಡೆ, ಗುಂಡು, ಚಪ್ಪಡಿ, ಉಳಿ, ಚಾಣ, ಸುತ್ತಿಗೆ, ಬೆಣೆ. ಬಂಡೆಯ ಮೈಮೇಲೆ ಸಾಲಾಗಿ ಕುಳಿ ಹೊಡೆದು, ಕುಳಿಗೊಂದು ಬೆಣೆ ಇಟ್ಟು, ಈ ತುದಿಯಿಂದ ಆ ತುದಿಗೆ ಒಂದೊಂದೇ ಏಟು ಹಾಕುತ್ತ ಹೋದರೆ ಒಂದು ಹೊತ್ತಿನಲ್ಲಿ ಕಲ್ಲಿನ ಸದ್ದು ಬದಲಾಗುತ್ತದೆ. ಆ ಸದ್ದು ಕೇಳಿದ ಮೇಲೆ ಬಂಡೆ ನೆಟ್ಟಗೆ ಬಿರಿಯುತ್ತದೆ. ಈ ಕಸುಬನ್ನು ಭೋವಿ ಸಮುದಾಯದವರು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ಇಡೀ ಕಲ್ಲುಕೆಲಸದಲ್ಲಿ ಎದ್ದು ಕಾಣುವ ಇಂಗ್ಲಿಷ್ ಪದವೆಂದರೆ ‘ಸೈಜುಗಲ್ಲು’. ದೇವಸ್ಥಾನಕ್ಕೋ ಕೋಟೆಗೋ ಕಲ್ಲು ಕೊಡುವಾಗ ಪ್ರತಿ ಕಲ್ಲಿಗೂ ಅದರದೇ ಜಾಗವಿತ್ತು. ಲೋಕೋಪಯೋಗಿ ಇಲಾಖೆಗೆ, ರೈಲ್ವೆಗೆ ಬೇಕಾದದ್ದು ಒಂದೇ ಅಳತೆಯ, ಎಣಿಸಿ ಹಣ ಕೊಡಬಹುದಾದ ಕಲ್ಲು. ಹೊಸದಾಗಿದ್ದದ್ದು ಕಲ್ಲಲ್ಲ, ಅಳತೆಗೆ ಕಟ್ಟುಬಿದ್ದ ಈ ವ್ಯವಹಾರ. ಪದವೂ ಆ ವ್ಯವಹಾರಕ್ಕೇ ಬಂತು, ಉಳಿಗೂ ಸುತ್ತಿಗೆಗೂ ಬರಲಿಲ್ಲ.

ಕಲ್ಲಿಗೆ ಒಂದು ದೌರ್ಬಲ್ಯವಿದೆ. ಎಷ್ಟು ಭಾರ ಹೇರಿದರೂ ತಡೆಯುತ್ತದೆ, ಆದರೆ ಎರಡು ಕಂಬದ ಮೇಲೆ ಅಡ್ಡ ಮಲಗಿಸಿದರೆ ಅದರ ಅಡಿಮೈ ಸೆಳೆತಕ್ಕೆ ಸಿಕ್ಕು ಬಿರುಕು ಬಿಡುತ್ತದೆ. ಕುರುಗೋಡಿನ ಹಳೆಯ ಗುಡಿಗಳಲ್ಲಿ ಕಂಬಗಳು ಅಷ್ಟು ಒತ್ತೊತ್ತಾಗಿ ನಿಂತಿರುವುದು ಅಂದಕ್ಕಾಗಿ ಮಾತ್ರವಲ್ಲ. ಕಲ್ಲಿನ ತೊಲೆ ಅಷ್ಟೇ ದೂರವನ್ನು ದಾಟಬಲ್ಲದು ಎಂಬ ಕಾರಣಕ್ಕೂ ಹೌದು. ಎರಡು ಸಾಲು ಕಂಬಗಳ ನಡುವಿನ ಆ ಜಾಗವೇ ಅಂಕಣ. ಹಳ್ಳಿಯ ಮನೆಯಲ್ಲಿ ಕಲ್ಲಿನ ಬದಲು ಮರದ ತೊಲೆ ಬಂತು, ಲೆಕ್ಕ ಮಾತ್ರ ಅದೇ ಉಳಿಯಿತು. ಬಳ್ಳಾರಿಯ ಎರೆ ಬಯಲಿನಲ್ಲಿ ಉದ್ದನೆಯ ಮರ ಅಪರೂಪ; ಸಿಕ್ಕುತ್ತಿದ್ದುದು ಬೇವು, ಜಾಲಿ. ಹಾಗಾಗಿ ಅಂಕಣವೂ ಚಿಕ್ಕದು. ಮನೆ ಎಷ್ಟು ದೊಡ್ಡದು ಎಂದು ಕೇಳಿದರೆ ಎಷ್ಟು ಅಂಕಣದ ಮನೆ ಎಂದೇ ಉತ್ತರ. ಅದು ಕೋಲಿನಿಂದಲೋ ಟೇಪಿನಿಂದಲೋ ಅಳೆದ ಲೆಕ್ಕವಲ್ಲ, ಆ ಸೀಮೆಯಲ್ಲಿ ಸಿಗುವ ಮರ ಕೊಟ್ಟ ಲೆಕ್ಕ. ಕಬ್ಬಿಣದ ಸರಳು ಸಿಮೆಂಟಿನೊಳಗೆ ಸೇರಿ ಸೆಳೆತವನ್ನು ತಾನು ಹೊರತೊಡಗಿದ ಮೇಲೆ ಕಂಬಗಳನ್ನು ದೂರ ದೂರ ನಿಲ್ಲಿಸಬಹುದಾಯಿತು. ಅಂಕಣಕ್ಕೆ ಕೆಲಸವೇ ಉಳಿಯಲಿಲ್ಲ. ಅದರ ಜಾಗಕ್ಕೆ ನೂರು ಚದರ ಅಡಿಯ ‘ಚದರ’ ಬಂತು, ಈಗ ಬರೀ ‘ಸ್ಕ್ವೇರ್ ಫೀಟ್’ ಬಂದಿದೆ. ಅಂಕಣವನ್ನು ಯಾವ ಸರ್ಕಾರವೂ ರದ್ದು ಮಾಡಲಿಲ್ಲ, ಯಾವ ದೊರೆಯೂ ಚದರವನ್ನು ಹೇರಲಿಲ್ಲ. ತೊಲೆ ಹೋಯಿತು, ತೊಲೆಯ ಲೆಕ್ಕವೂ ಹೋಯಿತು.

ತೊಲೆಯ ಮೇಲಿನದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಈ ಸೀಮೆಯ ಜಾಣ್ಮೆ ಅಲ್ಲಿದೆ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಬೀಳುವ ನಾಡಿದು. ಮಲೆನಾಡಿನಂತೆ ಇಳಿಜಾರು ಸೂರು ಬೇಕಿಲ್ಲ. ಬಿಸಿಲು ತಡೆಯುವ ದಪ್ಪ ಚಾವಣಿ ಬೇಕು, ರಾತ್ರಿ ಮಲಗಲು, ಕಾಳು ಒಣಗಿಸಲು ಸಮತಟ್ಟಾದ ಮಾಳಿಗೆ ಬೇಕು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆಯೋ ಕಟ್ಟಿಗೆಯ ತುಂಡುಗಳೋ ಬಂಡೆಚಪ್ಪಡಿಯೋ, ಅದರ ಮೇಲೆ ಸೊಪ್ಪುಸದೆ, ಅದರ ಮೇಲೆ ಮಣ್ಣು. ಇದೇ ಮೇಲ್ಮುದ್ದೆ. ಎಲ್ಲಕ್ಕಿಂತ ಮೇಲಿನ ಪದರಕ್ಕೆ ಮಾತ್ರ ಯಾವ ಮಣ್ಣೋ ಆಗುವುದಿಲ್ಲ, ಚೌಳುಮಣ್ಣೇ ಆಗಬೇಕು. ಬೆಳೆ ಬಾರದ, ಬೆಳ್ಳಗೆ ಉಪ್ಪು ಹೊಮ್ಮುವ, ರೈತ ಶಪಿಸುವ ಮಣ್ಣು ಅದು. ಆದರೆ ಅದರಲ್ಲಿರುವ ಸೋಡಿಯಂ ಮಣ್ಣಿನ ನವಿರು ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ನೀರು ಬಿದ್ದೊಡನೆ ಆ ಕಣಗಳು ಸಣ್ಣ ರಂಧ್ರಗಳಲ್ಲೆಲ್ಲ ಹೋಗಿ ಕೂತು ದಾರಿ ಮುಚ್ಚುತ್ತವೆ. ಹೊಲದಲ್ಲಿ ನೀರು ಇಂಗಲು ಬಿಡದ ಗುಣವೇ ಮಾಳಿಗೆಯ ಮೇಲೆ ಸೋರಲು ಬಿಡದ ಗುಣವಾಯಿತು. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಹೊಸ ಚೌಳು ಹೊತ್ತು ತಂದು ಹರಡಿ, ಬಡಿದು, ಬಿರುಕು ಮುಚ್ಚುವುದು ಮನೆಯವರ ವಾರ್ಷಿಕ ಕೆಲಸವಾಗಿತ್ತು. ರಸಾಯನಶಾಸ್ತ್ರದ ಹೆಸರು ಗೊತ್ತಿಲ್ಲದೆ ಅದರ ಫಲವನ್ನು ಅರಿತಿದ್ದವರು ಇವರು. ಈ ಕೆಲಸದ ಒಂದು ಪದವೂ ಹೊರಗಿನಿಂದ ಬರಬೇಕಾಗಿರಲಿಲ್ಲ, ಬರಲೂ ಇಲ್ಲ.

ಅದೇ ಚೌಳುಮಣ್ಣಿನಿಂದ ಇನ್ನೊಂದು ಕಸುಬೂ ನಡೆಯುತ್ತಿತ್ತು. ಮಣ್ಣನ್ನು ಕೆರೆದು ತಂದು, ನೀರು ಹಾಯಿಸಿ, ಸೋಸಿದ ಉಪ್ಪುನೀರನ್ನು ಬಿಸಿಲಿಗೆ ಒಣಗಿಸಿ ಮಣ್ಣುಪ್ಪು ತೆಗೆಯುವ ಕಸುಬು. ಇದನ್ನು ಮಾಡುತ್ತಿದ್ದವರು ಉಪ್ಪಾರರು, ಹೆಸರಿನಲ್ಲೇ ಉಪ್ಪಿದೆ. ಉಪ್ಪಿನ ಮೇಲೆ ತೆರಿಗೆಯ ಏಕಸ್ವಾಮ್ಯ ಹೊಂದಿದ್ದ ಮದ್ರಾಸ್ ಸರ್ಕಾರಕ್ಕೆ ತೆರಿಗೆ ಕಟ್ಟದ ಈ ಒಳನಾಡಿನ ಉಪ್ಪು ಸಹಿಸಲಾಗದ ಸಂಗತಿಯಾಯಿತು, 19ನೇ ಶತಮಾನದ ಕೊನೆಯ ದಶಕಗಳಲ್ಲಿ ಅದನ್ನು ಅಡಗಿಸಿತು. ಉಪ್ಪಾರರು ಮಣ್ಣುಕೆಲಸ, ಕೆರೆಕೆಲಸ, ಗೋಡೆಕೆಲಸವನ್ನು ಮೊದಲಿನಿಂದಲೂ ಬಲ್ಲವರೇ. ಗಂಗೆಗೆ ದಾರಿ ಮಾಡಿಕೊಟ್ಟ ಭಗೀರಥ ತಮ್ಮ ಮೂಲಪುರುಷ ಎಂದು ಅವರು ಹೇಳಿಕೊಳ್ಳುವುದು ಸುಮ್ಮನೆ ಅಲ್ಲ. ಎರಡು ಕಾಲಿನ ಮೇಲೆ ನಿಂತಿದ್ದ ಬದುಕು ಉಪ್ಪು ಹೋದ ಮೇಲೆ ಒಂದೇ ಕಾಲಿನ ಮೇಲೆ, ಅಂದರೆ ಕಟ್ಟಡದ ಕೂಲಿಯ ಮೇಲೆ ನಿಲ್ಲಬೇಕಾಯಿತು. 1876ರಿಂದ 78ರವರೆಗಿನ ಬರಗಾಲ ಇದಕ್ಕೆ ಸ್ವಲ್ಪ ಮುಂಚಿನದು. ಆ ಬರದಲ್ಲಿ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲೇ ತೀರಾ ನೊಂದ ಜಿಲ್ಲೆಗಳಲ್ಲೊಂದು. ಪರಿಹಾರ ಕಾಮಗಾರಿಗಳಲ್ಲಿ ರಸ್ತೆಗೆ ಕಲ್ಲು ಒಡೆದು, ಮಣ್ಣು ಹೊತ್ತು ಹೊಟ್ಟೆ ಹೊರೆದ ಬೇಸಾಯಗಾರರಿಗೆ ಲೆಕ್ಕವಿಲ್ಲ. ಅಳತೆಗೆ ತಕ್ಕ ಕೂಲಿ, ಹಾಜರಿ ಪುಸ್ತಕ, ಗ್ಯಾಂಗು ಎಂಬ ಪದ್ಧತಿ ಹಳ್ಳಿಯ ಜನರ ಬದುಕಿನೊಳಗೆ ಗಟ್ಟಿಯಾಗಿ ಕಾಲಿಟ್ಟದ್ದು ಇಂಥ ಕಾಮಗಾರಿಗಳ ಮೂಲಕ. ಕಟ್ಟಡದ ಕೆಲಸಗಾರ ಎಂಬ ವರ್ಗ ಬಳ್ಳಾರಿಯಲ್ಲಿ ಬೆಳೆದದ್ದು ಕಲೆಯ ಒಲವಿನಿಂದಷ್ಟೇ ಅಲ್ಲ, ಬೇರೆ ಬಾಗಿಲುಗಳು ಮುಚ್ಚಿದ್ದರಿಂದಲೂ ಹೌದು ಎಂಬುದನ್ನು ಮರೆಯಬಾರದು.

ಇನ್ನು ಸುಣ್ಣ. ಇಲ್ಲಿಯೇ ಪಾರಸಿ ಪದಗಳ ಗುಂಪು ಸಿಗುತ್ತದೆ, ನನ್ನ ವಾದದ ನಿಜವಾದ ಪರೀಕ್ಷೆಯೂ ಇಲ್ಲಿಯೇ. ಕಮಾನು, ಗುಮ್ಮಟ, ಬುರುಜು, ಸುರ್ಕಿ, ಗಚ್ಚು, ಗಿಲಾವು: ಇವೆಲ್ಲ ಪಾರಸಿ ಅಥವಾ ಅರಬ್ಬಿ ಮೂಲದಿಂದ ಬಂದವು, ಕೆಲವು ಮರಾಠಿಯ ಮೂಲಕ. ಸುಣ್ಣ ನಮಗೆ ಹೊಸದಲ್ಲ, ನಿಜ. ಆದರೆ ಸುಣ್ಣದ ಗಾರೆಯೇ ಇಡೀ ಕಟ್ಟಡವನ್ನು ಹಿಡಿದು ನಿಲ್ಲಿಸುವ ಪದ್ಧತಿ ಬೇರೆ, ಕಲ್ಲಿನ ಮೇಲೆ ಕಲ್ಲು ಕೂರಿಸಿ ಭಾರದಿಂದಲೇ ನಿಲ್ಲಿಸುವ ಪದ್ಧತಿ ಬೇರೆ. 1535ರ ಸುಮಾರಿಗೆ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ನೂನಿಜ್ ಒಂದು ಪ್ರಸಂಗ ಹೇಳುತ್ತಾನೆ. ರಾಬರ್ಟ್ ಸಿವೆಲ್ 1900ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. ಕೃಷ್ಣದೇವರಾಯ ನಾಗಲಾಪುರದಲ್ಲಿ, ಅಂದರೆ ಇಂದಿನ ಹೊಸಪೇಟೆಯಲ್ಲಿ, ದೊಡ್ಡ ಕೆರೆ ಕಟ್ಟಿಸಲು ಗೋವೆಯಿಂದ ಜೊಆವೊ ದೆಲ್ಲಾ ಪೊಂತೆ ಎಂಬ ಕಲ್ಲುಕೆಲಸದ ಮೇಸ್ತ್ರಿಯನ್ನು ಕರೆಸಿಕೊಂಡ. ಆತ ಕೆಲಸ ಒಪ್ಪಿಕೊಂಡು ಸುಣ್ಣ ಸಿದ್ಧಮಾಡಿಸಬೇಕು ಎಂದಾಗ ಅರಸನಿಗೆ ಅದು ವಿಚಿತ್ರವಾಗಿ ಕಂಡಿತಂತೆ, ಏಕೆಂದರೆ ಆ ನಾಡಿನಲ್ಲಿ ಕಟ್ಟಡಕ್ಕೆ ಸುಣ್ಣ ಬಳಸುವುದು ಗೊತ್ತಿರಲಿಲ್ಲ ಎನ್ನುತ್ತಾನೆ ನೂನಿಜ್. ಇದನ್ನು ಅಕ್ಷರಶಃ ನಂಬಲಾಗದು. ಹಂಪಿಯ ಗೋಪುರಗಳ ಇಟ್ಟಿಗೆಯ ಮೇಲೆ ಸುಣ್ಣದ ಗಾರೆಯಲ್ಲಿ ಮಾಡಿದ ಗೊಂಬೆಗಳು ಕಣ್ಣೆದುರಿಗೇ ಇವೆ. ಆದರೆ ಕೆರೆಯ ಕಟ್ಟೆಯಂಥ ಭಾರದ ಕೆಲಸದಲ್ಲಿ ಕಲ್ಲು ಮತ್ತು ಮಣ್ಣಿನದೇ ರಾಜ್ಯವಾಗಿತ್ತು, ಸುಣ್ಣ ಅಲಂಕಾರಕ್ಕೂ ಲೇಪಕ್ಕೂ ಮೀಸಲಾಗಿತ್ತು ಎಂಬಷ್ಟನ್ನು ಈ ಪ್ರಸಂಗ ಹೇಳುತ್ತದೆ ಎಂದು ಓದುವುದು ನ್ಯಾಯ.

ಸುಣ್ಣ ಭಾರ ಹೊರುವ ಸಾಮಾನಾದದ್ದು ಕಮಾನಿನೊಂದಿಗೆ. ಹಂಪಿಯ ಕಮಲ ಮಹಲು, ಗಜಶಾಲೆಗಳಲ್ಲಿ ಕಮಾನು ಬಂದಿತ್ತು. ಅವನ್ನು ಕಟ್ಟಿಸಿದವರು ವಿಜಯನಗರದ ಅರಸರು, ಸುಲ್ತಾನರಲ್ಲ. ಹಾಗಾದರೆ ಕಮಾನು ಎಂಬ ಪದ ಇಲ್ಲಿಗೆ ಬರಲು ಪಾರಸಿ ಮಾತಾಡುವ ದೊರೆ ಬೇಕಾಗಿರಲಿಲ್ಲ, ಕಮಾನು ಕಟ್ಟಬಲ್ಲ ಕೆಲಸಗಾರ ಸಾಕಾಗಿತ್ತು. ಬಳ್ಳಾರಿ ಕೋಟೆಯದೂ ಅದೇ ಪಾಠ. ಮೇಲಿನ ಕೋಟೆ ಕಟ್ಟಿದವನು ಸ್ಥಳೀಯ ಪಾಳೆಯಗಾರ ಹನುಮಪ್ಪ ನಾಯಕ. ಹೈದರಾಲಿ ಅದನ್ನು ಸರಿಪಡಿಸಿ ಕೆಳಗಿನ ಕೋಟೆಯನ್ನು ಸೇರಿಸಿದ. ಕೋಟೆಗಿಂತ ಎದುರಿನ ಕುಂಬಾರಗುಡ್ಡ ಎತ್ತರವಿದೆ ಎಂಬುದನ್ನು ಮೊದಲೇ ಕಾಣದೆ ಹೋದ ಫ್ರೆಂಚ್ ಎಂಜಿನಿಯರನನ್ನು ಹೈದರ್ ಗಲ್ಲಿಗೇರಿಸಿದ ಎಂಬ ದಂತಕಥೆ ಊರಲ್ಲಿ ಇನ್ನೂ ಇದೆ. ಫ್ರೆಂಚರ ಕೈಯಾಡಿದ್ದರೂ ಆ ಕೋಟೆಯಿಂದ ಬಳ್ಳಾರಿಯ ಗಾರೆಯವರ ಬಾಯಿಗೆ ಫ್ರೆಂಚ್ ಪದ ಇಳಿಯಲಿಲ್ಲ, ಏಕೆಂದರೆ ಫ್ರೆಂಚ್ ಗಾರೆಯವರು ಬಂದಿರಲಿಲ್ಲ. ಬುರುಜು ಬುರುಜಾಗಿಯೇ ಉಳಿಯಿತು.

ಇದಕ್ಕೆ ಒಂದು ಬಲವಾದ ಆಕ್ಷೇಪ ಇದೆ. ಕಮಾನು ಹೊಸದಾಗಿತ್ತು, ಹೊಸ ಪದ ಬಂತು, ಸರಿ. ಆದರೆ ಬುನಾದಿ ಪಾರಸಿಯ ‘ಬುನಿಯಾದ್’, ಕಿಟಕಿ ಹಿಂದಿ-ಮರಾಠಿಯ ‘ಖಿಡಕಿ’. ಪಾಯವಿಲ್ಲದ ಮನೆ, ಕಂಡಿಯಿಲ್ಲದ ಗೋಡೆ ಮೊದಲು ಇತ್ತೇ? ಇಲ್ಲ. ಇಲ್ಲಿ ಪದ ಬಂದದ್ದು ಅಧಿಕಾರದ ಬಲದಿಂದಲ್ಲವೇ? ಅಧಿಕಾರದ ಬಲ ಎಲ್ಲೂ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಅಧಿಕಾರ ತನ್ನ ಮಾತನ್ನು ಎಲ್ಲಿ ತುಂಬಿತು ಎಂದು ನೋಡಿ: ಜಮೀನು, ಖಾತೆ, ಜಮಾಬಂದಿ, ತಹಸೀಲ್ದಾರ. ಕಚೇರಿಯ ಕಟ್ಟೆ ಇಳಿದು ಗೋಡೆಯ ಹತ್ತಿರ ಬಂದರೆ ಗೋಡೆ, ಕಂಬ, ತೊಲೆ, ಬಾಗಿಲು, ಹೊಸ್ತಿಲು, ಕದ, ಮಾಳಿಗೆ, ಅಟ್ಟ, ಪಡಸಾಲೆ, ಯಾವುದೂ ಕದಲಿಲ್ಲ. ಆಳಿದವರ ಭಾಷೆಯೇ ಕಾರಣವಾಗಿದ್ದರೆ ಕಿಟಕಿ ಬದಲಾಗಿ ಬಾಗಿಲು ಏಕೆ ಉಳಿಯಿತು? ಹಳೆಯ ಮಣ್ಣಿನ ಮನೆಯಲ್ಲಿ ಬೆಳಕು ಬರುತ್ತಿದ್ದುದು ಮಾಳಿಗೆಯ ಬೆಳಕಿಂಡಿಯಿಂದ, ಗೋಡೆಯ ಸಣ್ಣ ಗೂಡುಕಂಡಿಯಿಂದ. ಚೌಕಟ್ಟು, ಎರಡು ಕದ, ಸರಳು ಇರುವ ದೊಡ್ಡ ಕಿಟಕಿ ಬಡಗಿಗೆ ಬೇರೆಯೇ ಕೆಲಸವಾಗಿ ಬಂತು. ಬುನಾದಿಯೂ ಹಾಗೆಯೇ. ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುತ್ತದೆ. ಮಣ್ಣಿನ ಗೋಡೆ ಆ ಆಟವನ್ನು ಸಹಿಸಿಕೊಂಡು ಬಾಗುತ್ತದೆ, ಸುಣ್ಣದ ಇಟ್ಟಿಗೆ ಗೋಡೆ ಸಹಿಸದೆ ಸೀಳುತ್ತದೆ. ಇಟ್ಟಿಗೆಯ ಮನೆ ಬೇಕೆಂದವನು ಎರೆಯನ್ನು ದಾಟಿ ಗರಸು ಸಿಗುವವರೆಗೆ ತೋಡಲೇಬೇಕಾಯಿತು. ತೋಡಿ, ಅಳೆದು, ದುಡ್ಡು ಕೊಡುವ ಒಂದು ಪ್ರತ್ಯೇಕ ಕಾಮಗಾರಿಯಾಗಿ ಬುನಾದಿ ಹುಟ್ಟಿದ್ದು ಆಗ ಎಂದು ನನಗನಿಸುತ್ತದೆ.

ಮೇಸ್ತ್ರಿ ಎಂಬ ಪದವಂತೂ ಈ ವಾದದ ಪರವಾಗಿ ನೇರ ಸಾಕ್ಷಿ. ಅದು ಪೋರ್ಚುಗೀಸರ ‘ಮೆಸ್ತ್ರೆ’. ಪೋರ್ಚುಗೀಸರು ಬಳ್ಳಾರಿಯನ್ನು ಒಂದು ದಿನವೂ ಆಳಲಿಲ್ಲ. ಅವರ ಪದ ಕರಾವಳಿಯ ಹಡಗುಕಟ್ಟೆ, ಗೋದಾಮು, ಇಗರ್ಜಿಗಳ ಕೆಲಸದ ಮೂಲಕ ತಮಿಳು, ತೆಲುಗು, ಕನ್ನಡ, ಹಿಂದಿಗಳಿಗೆಲ್ಲ ಹಬ್ಬಿ, ದಕ್ಷಿಣದ ಉದ್ದಗಲಕ್ಕೂ ಕೆಲಸದ ಯಜಮಾನನ ಹೆಸರಾಯಿತು. ಅದಕ್ಕೂ ಹಿಂದೆ ಕನ್ನಡದಲ್ಲಿ ಆ ಜಾಗದಲ್ಲಿದ್ದವರು ಓಜ, ಆಚಾರಿ, ರೂವಾರಿ, ಸೂತ್ರಧಾರಿ. 8ನೇ ಶತಮಾನದ ಪಟ್ಟದಕಲ್ಲಿನ ಶಾಸನಗಳಲ್ಲಿ ಗುಂಡ ಅನಿವಾರಿತಾಚಾರಿಯ ಹೆಸರೂ ಅವನಿಗೆ ಸಿಕ್ಕ ತ್ರಿಭುವನಾಚಾರಿ ಎಂಬ ಬಿರುದೂ ಇವೆ. ಸೂತ್ರ ಹಿಡಿದು ನೆಲದ ಮೇಲೆ ಗುಡಿಯನ್ನು ಬರೆಯುವವನು ಸೂತ್ರಧಾರಿ. ಆ ಸ್ಥಾನ ಆಮೇಲೆ ಎರಡಾಗಿ ಒಡೆಯಿತು: ಬರೆಯುವ ಕೆಲಸ ಕಚೇರಿಯಲ್ಲಿ ಕೂತ ಎಂಜಿನಿಯರನಿಗೆ ಹೋಯಿತು, ನಿಂತು ಮಾಡಿಸುವ ಕೆಲಸ ಮೇಸ್ತ್ರಿಗೆ ಉಳಿಯಿತು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಹೇಳಿ ಮಾಡಿಸುವವರ ಹೆಸರುಗಳಲ್ಲಿ ಬಹುಪಾಲು ಹೊರಗಿನವು: ಮೇಸ್ತ್ರಿ, ಕಾಂಟ್ರ್ಯಾಕ್ಟರ್, ಸೂಪರ್‌ವೈಸರ್, ಎಂಜಿನಿಯರ್. ಹೊರುವವರ ಹೆಸರುಗಳು ನಮ್ಮವು: ಆಳು, ಗಂಡಾಳು, ಹೆಣ್ಣಾಳು, ಕೈಯಾಳು. ಬುಟ್ಟಿ ಹೊತ್ತು ಏಣಿ ಹತ್ತುವ ಹೆಣ್ಣಾಳು ಇಪ್ಪತ್ತು ವರ್ಷ ದುಡಿದರೂ ಹೆಣ್ಣಾಳಾಗಿಯೇ ಉಳಿಯುವುದು ಸಾಮಾನ್ಯ. ಅವಳ ಕೈಗೆ ಗಾರೆ ಬಳಿಯುವ ತಾಪಿ ಬರುವುದು ತೀರಾ ಅಪರೂಪ. ಸಾಮಾನು ಬದಲಾದಂತೆ ಮಾತು ಬದಲಾಯಿತು, ಆದರೆ ಈ ಏರ್ಪಾಡು ಬದಲಾಗಲಿಲ್ಲ, ಅದಕ್ಕೇ ಅದರ ಮಾತೂ ಬದಲಾಗಲಿಲ್ಲ. ಇದು ಹೆಮ್ಮೆಪಡುವ ನಿರಂತರತೆಯಲ್ಲ.

1800ರಲ್ಲಿ ನಿಜಾಮ ಬಿಟ್ಟುಕೊಟ್ಟ ದತ್ತ ಜಿಲ್ಲೆಗಳೊಂದಿಗೆ ಬಳ್ಳಾರಿ ಕಂಪನಿಯ ಕೈಸೇರಿತು, ಥಾಮಸ್ ಮನ್ರೋ ಮೊದಲ ಕಲೆಕ್ಟರ್ ಆದ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ, ಅಂದರೆ ಒಂದೂವರೆ ಶತಮಾನ, ಇದು ಮದ್ರಾಸಿನ ಜಿಲ್ಲೆ. ಬಳ್ಳಾರಿ ಯಾರಿಗೆ ಸೇರಬೇಕು ಎಂಬ ವ್ಯಾಜ್ಯ ಜೋರಾಗಿ ನಡೆದು, ನ್ಯಾಯಮೂರ್ತಿ ಮಿಶ್ರಾ ವರದಿ ಬಂದು, ಬಳ್ಳಾರಿ, ಸಿರುಗುಪ್ಪಗಳು ಇತ್ತ ಬಂದವು, ಆದೋನಿ, ಆಲೂರು, ರಾಯದುರ್ಗಗಳು ಅತ್ತ ತೆಲುಗು ಸೀಮೆಗೆ ಹೋದವು. ಜನರ ತಾಯಿನುಡಿಯನ್ನು ಎಣಿಸಿ ಗೆರೆ ಎಳೆದದ್ದಾಯಿತು, ಅದು ಬೇಕಿತ್ತು. ಆದರೆ ಗಾರೆಕೆಲಸದ ಮಾತನ್ನು ಎಣಿಸಿದ್ದರೆ ಗೆರೆ ಎಳೆಯಲು ಜಾಗ ಸಿಗುತ್ತಿರಲಿಲ್ಲ. ರಸಮಟ್ಟ, ಮೂಲೆಮಟ್ಟ, ಮಾಲು, ಗಚ್ಚು, ತಾಪಿ, ಮೇಸ್ತ್ರಿ ಎರಡೂ ಕಡೆ ನಡೆಯುತ್ತವೆ. ನಮ್ಮ ಬುನಾದಿ ಅಲ್ಲಿ ಪುನಾದಿ, ನಮ್ಮ ಉಸುಕು ಅಲ್ಲಿ ಇಸುಕ. ಮೈಸೂರು ಕಡೆಯವರು ಮರಳು ಎನ್ನುವುದನ್ನು ಬಳ್ಳಾರಿಯವರು ಉಸುಕು ಎನ್ನುತ್ತಾರೆ, ಮೈಸೂರಿನವರು ಕರಣೆ ಎನ್ನುವುದನ್ನು ಉತ್ತರದವರು ತಾಪಿ ಎನ್ನುತ್ತಾರೆ, ಅವರ ಜಲ್ಲಿಗೆ ಮರಾಠಿ ಗಡಿಯ ಕಡೆ ಖಡಿ, ತೆಲುಗು ಕಡೆ ಕಂಕರ. ಹುಬ್ಬಳ್ಳಿ, ಬೆಳಗಾವಿಯ ಗೌಂಡಿ ಮರಾಠಿಯಿಂದ ಬಂದವನು. ಇವು ರಾಜ್ಯದ ಗಡಿಗಳಲ್ಲ. ಒಂದೊಂದು ಊರಿನ ಗುಂಪು ಕೆಲಸ ಹುಡುಕಿ ಎಷ್ಟು ದೂರ ಹೋಗುತ್ತಿತ್ತು ಎಂಬುದರ ಗುರುತುಗಳು.

ಮದ್ರಾಸಿನ ನಂಟಿನಿಂದ ಬಂದ ದೊಡ್ಡ ವಸ್ತು ತಾರಸಿ. ಮರದ ತೊಲೆಗಳ ಮೇಲೆ ತೆಳುವಾದ ಸಣ್ಣ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಅಂಚಿಗೆ ನಿಲ್ಲಿಸಿ ಓರೆಸಾಲಾಗಿ ಜೋಡಿಸುತ್ತಿದ್ದರು. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಮಿಶ್ರಣ ಹರಡಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ, ಹೆಂಗಸರು ಸಾಲಾಗಿ ಕೂತು ಮರದ ಬಡಿಗೆಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬಡಿಗೆ ಪುಟಿದು ಮೇಲೇಳುವಷ್ಟು ಗಟ್ಟಿಯಾದ ಮೇಲೆಯೇ ಬಿಡುವು. ಈ ಗಾರೆಯನ್ನು ಅರೆಯಲು ದುಂಡನೆಯ ಕಾಲುವೆಯಲ್ಲಿ ಎತ್ತು ಎಳೆಯುವ ಕಲ್ಲಿನ ಗಾಲಿ, ಅದರ ಹೆಸರು ಎಣ್ಣೆಯ ಗಾಣದಿಂದಲೇ ಬಂದ ಗಾಣ. ಸಾಮಾನು ಹೊಸ ರೀತಿಯದಾದರೂ ತಿರುಗುವ ಯಂತ್ರ ಹಳೆಯದು, ಆದ್ದರಿಂದ ಹಳೆಯ ಹೆಸರೇ ಸಾಕಾಯಿತು. 1870ರ ಸುಮಾರಿಗೆ ರೈಲು ಬಳ್ಳಾರಿಗೆ ಬಂದ ಮೇಲೆ ಸಾಮಾನು ದೂರದ ಊರುಗಳಿಂದ ಬರತೊಡಗಿತು, ಜೊತೆಗೆ ಊರಿನ ಹೆಸರುಗಳೂ ಬಂದವು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಕಾರ್ಖಾನೆಯ ಹೆಂಚು ಎಲ್ಲೆಡೆ ಮಂಗಳೂರು ಹೆಂಚಾಯಿತು. ಕಡಪದ ಕಲ್ಲು, ಬೇತಂಚೆರ್ಲದ ಕಲ್ಲು, ಶಹಾಬಾದಿನ ಫರಸಿ, ತಾಂಡೂರಿನ ಕಲ್ಲು. ಬಳ್ಳಾರಿಯ ನೆಲಹಾಸಿನ ಹೆಸರುಗಳನ್ನು ಸಾಲಾಗಿ ಹೇಳಿದರೆ ರೈಲಿನ ನಕ್ಷೆಯೇ ಬರೆದಂತಾಗುತ್ತದೆ.

ಸಿಮೆಂಟು ಬಂದದ್ದು ಹಳೆಯದೆಲ್ಲ ಮುಗಿದ ಮೇಲಲ್ಲ. ಪೋರ್‌ಬಂದರಿನಲ್ಲಿ 1914ರಲ್ಲಿ ಸಿಮೆಂಟು ತಯಾರಿಕೆ ನೆಲೆಯೂರಿತು, ಶಹಾಬಾದಿನ ಕಾರ್ಖಾನೆಯೂ ಸೇರಿ 1936ರಲ್ಲಿ ಎಸಿಸಿ ಎಂಬ ಸಿಮೆಂಟು ಕಂಪನಿ ರೂಪುಗೊಂಡಿತು. ಆದರೂ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಸೇರಿ 1945ರಲ್ಲಿ ಶುರು ಮಾಡಿದ ತುಂಗಭದ್ರಾ ಅಣೆಕಟ್ಟು ಮುಖ್ಯವಾಗಿ ಕಲ್ಲುಕಟ್ಟಡ. ಅದರ ಗಾರೆಯಲ್ಲಿ ಸುರ್ಕಿ ಇದೆ, ಅಂದರೆ ಸುಟ್ಟ ಮಣ್ಣಿನ ಕೆಂಪು ಪುಡಿ. 1953ರಲ್ಲಿ ನೀರು ಹರಿಯತೊಡಗಿದಾಗ ಆ ಅಣೆಕಟ್ಟಿನಲ್ಲಿ ಭೋವಿಗಳ ಉಳಿಯೇಟೂ ಪಾರಸಿ ಹೆಸರಿನ ಕೆಂಪು ಪುಡಿಯೂ ಇಂಗ್ಲಿಷ್ ಲೆಕ್ಕಪತ್ರವೂ ಒಂದೇ ಗೋಡೆಯಲ್ಲಿ ಕೂಡಿದ್ದವು. ಕಾಲುವೆ ನೀರು ಸಿರುಗುಪ್ಪಕ್ಕೆ ಬತ್ತ ತಂದಿತು, ಬತ್ತ ದುಡ್ಡು ತಂದಿತು, ದುಡ್ಡು ಸ್ಲ್ಯಾಬಿನ ಮನೆ ತಂದಿತು. ಅದೇ ನೀರು ಹೆಚ್ಚಾಗಿ ನಿಂತ ಹೊಲಗಳಲ್ಲಿ ಚೌಳು ಮೇಲೆದ್ದು ಬೆಳೆ ಕೆಡಿಸುತ್ತಿದೆ. ಮಾಳಿಗೆಗೆ ಆ ಮಣ್ಣು ಬೇಡವಾದ ಕಾಲದಲ್ಲಿಯೇ ಅದು ಹೊಲದಲ್ಲಿ ಹೆಚ್ಚಾಗಿದೆ. ಇಂದಿನ ರೈತನ ಬಾಯಲ್ಲಿ ಚೌಳು ಎಂದರೆ ನಷ್ಟ ಮಾತ್ರ, ಅದು ಸೂರೂ ಆಗಿತ್ತು ಎಂಬ ಅರ್ಥ ಕಳಚಿಹೋಗುತ್ತಿದೆ.

ಸೆಂಟ್ರಿಂಗ್ ಎಂಬ ಪದ ಇಂಗ್ಲಿಷಿನಲ್ಲಿ ಮೂಲತಃ ಕಮಾನಿನದು. ಕಮಾನು ಕಟ್ಟುವಾಗ, ನಡುಗಲ್ಲು ಕೂತು ಅದು ತಾನಾಗಿ ನಿಲ್ಲುವ ತನಕ, ಅಡಿಯಲ್ಲಿ ಆನಿಸಿ ಇಡುವ ಮರದ ಚೌಕಟ್ಟಿಗೆ ಆ ಹೆಸರು. ಸ್ಲ್ಯಾಬಿಗೆ ಕಮಾನೂ ಇಲ್ಲ, ನಡುಗಲ್ಲೂ ಇಲ್ಲ. ಆದರೂ ಹಸಿ ಕಾಂಕ್ರೀಟನ್ನು ಹೊತ್ತು ನಿಲ್ಲುವ ಹಲಗೆ-ಬಲ್ಲಿಗಳ ಏರ್ಪಾಡಿಗೆ ನಮ್ಮ ಕೆಲಸಗಾರರು ಅದೇ ಹೆಸರನ್ನು ಮುಂದುವರಿಸಿದರು. ಕೆಲಸದ ಬಗೆ ಒಂದೇ ಎಂದು ಅವರಿಗೆ ಕಂಡಿತು, ಪದಕೋಶ ಕೇಳಲಿಲ್ಲ. ಸುಣ್ಣಕ್ಕೂ ಸಿಮೆಂಟಿಗೂ ಇರುವ ಮುಖ್ಯ ವ್ಯತ್ಯಾಸ ಬಲದ್ದಷ್ಟೇ ಅಲ್ಲ, ಹೊತ್ತಿನದು. ಸುಣ್ಣದ ಗಾರೆ ಗಾಳಿಯನ್ನು ಹೀರಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ಇವತ್ತು ಅರೆದದ್ದನ್ನು ಒದ್ದೆಯಾಗಿಟ್ಟು ನಾಳೆ ಬಳಸಬಹುದು. ಸಿಮೆಂಟು ನೀರು ಮುಟ್ಟಿದ ಗಳಿಗೆಯಿಂದ ಕಾಯುವುದಿಲ್ಲ. ಸ್ಲ್ಯಾಬು ಒಂದೇ ದಿನ, ಒಂದೇ ಓಟದಲ್ಲಿ ಮುಗಿಯಬೇಕು. ಅದಕ್ಕಾಗಿ ಕೆಲಸ ತುಂಡಾಯಿತು: ಸೆಂಟ್ರಿಂಗಿನವರು ಬೇರೆ, ಸರಳು ಕಟ್ಟುವವರು ಬೇರೆ, ಕಾಂಕ್ರೀಟ್ ಗ್ಯಾಂಗು ಬೇರೆ, ಪ್ಲಾಸ್ಟರಿನವರು ಬೇರೆ, ಟೈಲ್ಸಿನವರು ಬೇರೆ. ಗೋಡೆಯಿಂದ ಮಾಳಿಗೆಯವರೆಗೆ ಒಂದೇ ಗುಂಪು ಮಾಡುತ್ತಿದ್ದ ಕೆಲಸ ಐದಾರು ಗುತ್ತಿಗೆಗಳಾಯಿತು, ಒಂದೊಂದು ಗುತ್ತಿಗೆಗೂ ಒಂದು ಹೆಸರು ಬೇಕಾಯಿತು. ಇಂಗ್ಲಿಷ್ ಪದಗಳ ಈ ಪ್ರವಾಹ ಬಂದದ್ದು ಇಂಗ್ಲಿಷರು ಹೋದ ಮೇಲೆ, 1950ರ ನಂತರ, ಮುಖ್ಯವಾಗಿ ಈ ತುಂಡರಿಕೆಯ ಕಾಲದಲ್ಲಿ. ಆಳ್ವಿಕೆಯೇ ಕಾರಣವಾಗಿದ್ದರೆ 1800ರಿಂದ 1947ರ ನಡುವೆ ಬಂದು ಮುಗಿಯಬೇಕಿತ್ತು.

ಹಾಗಾದರೆ ಕನ್ನಡಕ್ಕೆ ನಷ್ಟವೇ ಇಲ್ಲವೇ, ಇಂಗ್ಲಿಷಿನ ಬದಲು ಕನ್ನಡದ ಪರಿಭಾಷೆ ಕಟ್ಟಬೇಡವೇ ಎಂದು ಕೇಳಬಹುದು. ಪಠ್ಯಪುಸ್ತಕಕ್ಕೆ ಪರಿಭಾಷೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಿಲ್ಲರಿಗೆ ಬೇರೆ ಪದ ಹುಡುಕಿಕೊಟ್ಟರೆ ಮೇಸ್ತ್ರಿಗೆ ಆಗುವ ಲಾಭವೇನೂ ಇಲ್ಲ. ಅವನ ಕಂಬ ಬೇರೆ, ಪಿಲ್ಲರ್ ಬೇರೆ, ಎರಡೂ ಅವನ ಬಾಯಲ್ಲಿ ತಮ್ಮ ತಮ್ಮ ಅರ್ಥದಲ್ಲಿ ಇವೆ. ನಿಜವಾದ ನಷ್ಟ ಇನ್ನೊಂದು ಕಡೆ ಆಗುತ್ತಿದೆ. ಮೇಲ್ಮುದ್ದೆ ಎಂಬ ಪದದೊಂದಿಗೆ ಯಾವ ಮಣ್ಣು ಸೋರುವುದಿಲ್ಲ ಎಂಬ ತಿಳಿವಳಿಕೆ ಹೋಗುತ್ತಿದೆ. ಗಾಣದೊಂದಿಗೆ ಗಾರೆ ಎಷ್ಟು ಅರೆದರೆ ಹದ ಎಂಬ ಕೈಯಂದಾಜು ಹೋಗುತ್ತಿದೆ. ಹಂಪಿಯಲ್ಲೋ ಕುರುಗೋಡಿನಲ್ಲೋ ಹಳೆಯ ಗೋಡೆ ದುರಸ್ತಿ ಮಾಡುವಾಗ ಸಿಮೆಂಟು ಬಳಿದರೆ ಅದು ಒಳಗಿನ ತೇವವನ್ನು ಹೊರಬಿಡದೆ ಕಲ್ಲು-ಇಟ್ಟಿಗೆಯನ್ನೇ ತಿನ್ನುತ್ತದೆ. ಸುಣ್ಣದ ಹದ ಬಲ್ಲವರು ಆಗ ಬೇಕೇ ಬೇಕು. ತೆಲುಗರು ಈ ಕೆಲಸವನ್ನು ಬೇಗ ಕೈಗೆತ್ತಿಕೊಂಡರು: ಭದ್ರಿರಾಜು ಕೃಷ್ಣಮೂರ್ತಿ ಅವರು ಊರೂರು ತಿರುಗಿ ಸಂಗ್ರಹಿಸಿದ ಬೇಸಾಯದ ವೃತ್ತಿಪದಕೋಶ 1962ರಲ್ಲಿ ಬಂತು, ಅದೇ ಮಾಲೆಯಲ್ಲಿ ಮನೆ ಕಟ್ಟುವ ಪದಗಳ ಸಂಪುಟವೂ ಬಂತು. ಬಳ್ಳಾರಿಯ ಪದಗಳನ್ನು ಹುಡುಕುವವನಿಗೆ ಆ ಸಂಪುಟ ನೆರೆಮನೆಯದಲ್ಲ, ತನ್ನ ಮನೆಯದೇ. ಸಿರುಗುಪ್ಪ, ಕುರುಗೋಡು, ತೆಕ್ಕಲಕೋಟೆಗಳಲ್ಲಿ ಮಾಳಿಗೆ ಮಾಡಿ ಗೊತ್ತಿರುವ ಹಿರಿಯರು ಇರುವಾಗಲೇ ಅವರ ಹತ್ತಿರ ಕೂತು ಪದವನ್ನೂ ಪದದ ಹಿಂದಿನ ಕೆಲಸವನ್ನೂ ಒಟ್ಟಿಗೆ ಬರೆದುಕೊಳ್ಳಬೇಕು. ಬರೀ ಪದ ಬರೆದುಕೊಂಡರೆ ಅರ್ಧವನ್ನು ಬಿಟ್ಟಂತೆ.

ಈಗ ಇನ್ನೊಂದು ಪದರ ಕೂರುತ್ತಿದೆ, ನಾವು ನೋಡುತ್ತಿರುವಂತೆಯೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಟಿಎಂಟಿ ಸರಳು, ಅದರ ಕುಲುಮೆಯ ಕಿಟ್ಟದಿಂದ ಸ್ಲ್ಯಾಗ್ ಸಿಮೆಂಟು ಬರುತ್ತಿವೆ. ಹೊಳೆಯ ಉಸುಕಿಗೆ ಕಡಿವಾಣ ಬಿದ್ದ ಮೇಲೆ ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಬಂತು. ಅದು ಬಂದಾಗ ಯಾರೂ ಅದನ್ನು ಉಸುಕು ಎಂದು ಕರೆಯಲಿಲ್ಲ, ಏಕೆಂದರೆ ಕೈಗೆ ಅದು ಉಸುಕಿನಂತೆ ಹತ್ತುವುದಿಲ್ಲ. ಟೈಲ್ಸ್, ಪಿಒಪಿ, ಸೆಂಟ್ರಿಂಗ್ ಕೆಲಸಕ್ಕೆ ಬಿಹಾರ, ಬಂಗಾಳ, ಒಡಿಶಾ, ರಾಜಸ್ಥಾನದ ಹುಡುಗರು ಬರುತ್ತಾರೆ. ಅವರ ಬಾಯಲ್ಲಿ ಸರಳು ‘ಸರಿಯಾ’, ಮಾಲು ‘ಮಸಾಲಾ’, ಜಲ್ಲಿ ‘ಗಿಟ್ಟಿ’. ಅವರ ನಾಡು ಬಳ್ಳಾರಿಯನ್ನು ಆಳುತ್ತಿಲ್ಲ. ಅವರು ಆಳಾಗಿ ಬಂದವರು. ಆದರೂ ಗಾಂಧಿನಗರದ ಮೇಸ್ತ್ರಿಗಳು ಅವರೊಂದಿಗೆ ಕೆಲಸ ಸಾಗಿಸಲು ಈ ಪದಗಳನ್ನು ಆಡತೊಡಗಿದ್ದಾರೆ. ಇವುಗಳಲ್ಲಿ ಯಾವುದು ನಿಲ್ಲುತ್ತದೆ ಎಂಬುದು ಹಿಂದಿಯ ಬಗ್ಗೆ ನಡೆಯುವ ರಾಜಕೀಯದ ಮೇಲೆ ನಿಂತಿಲ್ಲ. ಆ ಹುಡುಗರು ಹಬ್ಬಕ್ಕೆ ಊರಿಗೆ ಹೋಗಿ ಮರಳುತ್ತಾರೋ ಇಲ್ಲವೋ, ಇಲ್ಲೇ ಬಾಡಿಗೆ ಮನೆ ಹಿಡಿದು ಸಂಸಾರ ತರುತ್ತಾರೋ, ಅವರ ಕೈಕೆಳಗೆ ಕುರುಗೋಡಿನ ಹುಡುಗರು ಕೆಲಸ ಕಲಿಯುತ್ತಾರೋ ಎಂಬುದರ ಮೇಲೆ ನಿಂತಿದೆ.